ಏಣಿಯಕ್ಕನ ಅಳತೆಗೊಂದು ಸೈಕಲ್ಲು

ಬೆಟ್ಟದ ತುದಿಯಲ್ಲಿ ಇನ್ನೂ ದೀಪ ಆರಿಸಿಲ್ಲ. ಕೇಬಲ್ ಕಾರಿನ ಮೇಲಿನ ನಿಲ್ದಾಣದ ತಗಡಿನ ಚಾವಣಿಯಿಂದ ಮಂಜಿನ ಹನಿ ತೊಟ್ಟಿಕ್ಕುತ್ತಿದೆ. ಬಾಗಿಲು ತೆರೆದುಕೊಳ್ಳುತ್ತದೆ. ಮೊದಲು ಒಂದು ಸೈಕಲ್ಲಿನ ಚಕ್ರ ಹೊರಬರುತ್ತದೆ, ಆಮೇಲೆ ಹ್ಯಾಂಡಲ್ಲು, ಅದರ ಹಿಂದೆ ತಲೆ ಬಗ್ಗಿಸಿಕೊಂಡ ಒಬ್ಬ ಹೆಂಗಸು. ಚೌಕಟ್ಟು ದಾಟಿದ ಮೇಲೆ ಅವರು ಬೆನ್ನು ನೆಟ್ಟಗೆ ಮಾಡುತ್ತಾರೆ, ಮಾಡುತ್ತಲೇ ಇರುತ್ತಾರೆ. ಅದು ಮುಗಿಯುವ ಹೊತ್ತಿಗೆ ನೋಡುವವರ ಕತ್ತು ಹಿಂದಕ್ಕೆ ಬಾಗಿರುತ್ತದೆ. ಆರು ಅಡಿ ನಾಲ್ಕು ಅಂಗುಲದ ಆಳು. ಬೆನ್ನಿಗೊಂದು ಚೀಲ. ಚೀಲದ ಬಾಯಿಂದ ಗುದ್ದಲಿಯ ಕಾವು, ಹಾರೆಯ ಮೂತಿ ಇಣುಕುತ್ತಿವೆ. ಒಳಗೆ ಗರಗಸ, ಹಗ್ಗ, ನೀರು.

“ರೀ, ಹೊರಟೆ,” ಎಂದು ಫೋನಿನಲ್ಲಿ ಕೆಳಗಿನ ನಿಲ್ದಾಣಕ್ಕೆ ಹೇಳುತ್ತಾರೆ. ಅಲ್ಲಿ ಕೇಬಲ್ ಕಾರಿನ ಯಂತ್ರ ನಡೆಸುವವರು ಅವರ ಗಂಡನೇ.

“ಹುಷಾರು ಕಣೇ. ಆಕಾಶಕ್ಕೆ ತಲೆ ತಾಗಿಸ್ಕೊಂಡೀಯ.”

“ತಾಗಿದ್ರೆ ನಿಮಗೂ ಒಂದು ತುಂಡು ತರ್ತೀನಿ ಬಿಡಿ.”

ಫೋನು ಜೇಬಿಗಿಳಿಯುತ್ತದೆ. ಸೈಕಲ್ಲು ಮಂಜಿನೊಳಗೆ ಮೂಗು ತೂರಿಸಿ ಇಳಿಜಾರಿಗೆ ಬೀಳುತ್ತದೆ.

ಊರಿಗೆಲ್ಲ ಇವರು ಏಣಿಯಕ್ಕ. ಬೆಟ್ಟದ ಸೈಕಲ್ ದಾರಿಯಲ್ಲಿ ದಿನಾ ಮೊದಲು ಇಳಿಯುವವರು ಇವರೇ. ತುದಿಯಿಂದ ಬುಡದವರೆಗೆ ಒಂಬತ್ತು ಕಿಲೋಮೀಟರು. ಬೆಳಕು ಹರಿದ ಮೇಲೆ ಕೇಬಲ್ ಕಾರಿನ ಡಬ್ಬಿಗಳಲ್ಲಿ ಸವಾರರು ತಮ್ಮ ಸೈಕಲ್ಲುಗಳ ಜತೆ ಮೇಲೆ ಹೋಗುತ್ತಾರೆ, ಇದೇ ದಾರಿಯಲ್ಲಿ ಗಾಳಿಯಂತೆ ಕೆಳಗೆ ಬರುತ್ತಾರೆ. ಗಾಳಿಯಂತೆ ಬರುವವರಿಗೆ ತಿರುವಿನಾಚೆ ಏನಿದೆ ಎಂದು ಕಾಣುವುದಿಲ್ಲ. ರಾತ್ರಿ ಉರುಳಿದ ಒಂದು ತೆಂಗಿನಕಾಯಿ ಗಾತ್ರದ ಕಲ್ಲು ಸಾಕು, ಒಬ್ಬನ ಮೂಳೆ ಮುರಿಯಲು. ಆ ಕಲ್ಲನ್ನು ಅವರಿಗಿಂತ ಮುಂಚೆ ಹೋಗಿ ಎತ್ತಿಹಾಕುವುದು, ಅಡ್ಡಬಿದ್ದ ಕೊಂಬೆ ಕತ್ತರಿಸುವುದು, ನೀರು ಕೊರೆದ ಗುಂಡಿಗೆ ಮಣ್ಣು ತುಂಬುವುದು ಏಣಿಯಕ್ಕನ ಕೆಲಸ. ಅವರು ಬುಡ ಮುಟ್ಟಿ “ದಾರಿ ಬಿಡಿ” ಎಂದ ಮೇಲೆಯೇ ಸವಾರರ ಮೊದಲ ಡಬ್ಬಿ ಮೇಲೇರುತ್ತದೆ. ಮಾಮೂಲಿ ದಿನ ಹತ್ತು ಹನ್ನೆರಡು ಕಲ್ಲು. ಮಳೆ ಬಂದ ಮರುದಿನ ಲೆಕ್ಕ ಇಡುವುದಿಲ್ಲ, ಸೊಂಟ ತಾನೇ ಹೇಳುತ್ತದೆ.

“ಜನ ಕೆಳಗೆ ಬಂದು ‘ದಾರಿ ಬೆಣ್ಣೆ ಇದ್ದಂಗಿತ್ತು’ ಅಂತಾರೆ,” ಎಂದು ಏಣಿಯಕ್ಕ ನಗುತ್ತಾರೆ. “ಬೆಣ್ಣೆ ತಾನಾಗಿ ಆಗುತ್ತಾ? ಯಾರೋ ಕಡೀಬೇಕಲ್ಲ!”

ಈ ಬೆಳಿಗ್ಗೆ ಅರ್ಧ ದಾರಿಯಲ್ಲಿ ಅವರು ಬ್ರೇಕು ಒತ್ತಿ ನಿಲ್ಲುತ್ತಾರೆ. ಕಲ್ಲು ಕಂಡು ಅಲ್ಲ. ಕಾಲ ಕೆಳಗಿನಿಂದ ‘ಕಿರ್’ ಎಂದು ಸದ್ದು ಬಂದಿದೆ. ಇಳಿದು ಕೂತು, ಸೀಟಿನ ಕಂಬ ಫ್ರೇಮಿನೊಳಗೆ ಇಳಿಯುವ ಜಾಗವನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಬಣ್ಣದ ಮೇಲೆ ಕೂದಲೆಳೆಯಂಥ ಬಿರುಕು. ಫ್ರೇಮು ಸೀಳಿದೆ.

ಉಳಿದ ದಾರಿಯನ್ನು ಸೈಕಲ್ಲು ತಳ್ಳಿಕೊಂಡೇ ಮುಗಿಸುತ್ತಾರೆ. ಮಳೆಗಾಲದ ರಜೆಗೆಂದು ಬೆಟ್ಟಕ್ಕೆ ಇನ್ನೂ ಬೀಗ, ಇವತ್ತು ಬರೀ ಅಭ್ಯಾಸಕ್ಕೆಂದು ಇಳಿದದ್ದು. ಆದ್ದರಿಂದ ತಡವಾದರೂ ಯಾರೂ ಕೇಳುವವರಿಲ್ಲ. ಆದರೆ ಶನಿವಾರ ಬೆಟ್ಟ ತೆರೆಯುತ್ತದೆ. ಇವತ್ತು ಸೋಮವಾರ.

*

ಆ ಬಿರುಕಿಗೆ ಒಂದು ಹಿಂದಿನ ಕಥೆಯಿದೆ. ಅದು ಏಣಿಯಕ್ಕನ ಕಾಲಿನಷ್ಟೇ ಉದ್ದ.

ಬೆಟ್ಟಕ್ಕೆ ಬರುವ ಮುಂಚೆ ಅವರು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದರು. ಮೇಲಿನ ಅಟ್ಟಕ್ಕೆ ಬೇರೆಯವರು ಸ್ಟೂಲು ಹುಡುಕುತ್ತಿದ್ದಾಗ ಇವರು ನಿಂತಲ್ಲೇ ಕೈ ಚಾಚಿ ಇಡುತ್ತಿದ್ದರು. “ನಾನಿದ್ದಷ್ಟು ವರ್ಷ ಆ ಯಜಮಾನ್ರು ಏಣಿ ತರಿಸಲೇ ಇಲ್ಲ. ಕೇಳಿದ್ರೆ, ‘ಏಣಿ ಇದೆಯಲ್ಲ, ಅದಕ್ಕೆ ಸಂಬಳ ಕೊಡ್ತಿದ್ದೀನಲ್ಲ’ ಅನ್ನೋರು.” ಹೆಸರು ಅಲ್ಲಿ ಅಂಟಿದ್ದು, ಇಲ್ಲಿಯವರೆಗೂ ಬಂದಿದೆ. ಬೆಟ್ಟದಲ್ಲಿ ಸೈಕಲ್ ದಾರಿ ಕಡಿಯಲು ಆಳುಗಳು ಬೇಕು ಎಂದಾಗ ಗುದ್ದಲಿ ಹಿಡಿದು ಬಂದರು. ದಾರಿ ಮುಗಿದ ದಿನ ಯಾರದೋ ಸೈಕಲ್ಲು ಕೇಳಿ ಪಡೆದು, ತಾವೇ ಕಡಿದ ದಾರಿಯಲ್ಲಿ ಇಳಿದರು. ಎರಡು ಕಡೆ ಬಿದ್ದರು, ಮೊಣಕೈ ಸುಲಿದುಕೊಂಡರು, ಕೆಳಗೆ ಬಂದು “ಇನ್ನೊಂದ್ಸಲ” ಎಂದರು. ಅದಾಗಿ ಹದಿನಾಲ್ಕು ವರ್ಷ.

ಈ ಹದಿನಾಲ್ಕು ವರ್ಷದಲ್ಲಿ ಅವರ ಅಳತೆಯ ಸೈಕಲ್ಲು ಒಂದೂ ಸಿಕ್ಕಿಲ್ಲ. ಬಾಡಿಗೆಗೆ ಕೊಟ್ಟು ಹಳತಾದ ಸೈಕಲ್ಲುಗಳೇ ಇವರ ಪಾಲಿಗೆ ಬರುತ್ತಿದ್ದವು. ಅವೆಲ್ಲ ಸಾಧಾರಣ ಎತ್ತರದವರ ಸೈಕಲ್ಲು. ಸೀಟನ್ನು ಮೇಲಕ್ಕೆ ಎಳೆದೆಳೆದು ಹೇಗೋ ಹೊಂದಿಸಿಕೊಂಡರು. ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತದೆ: ಇದಕ್ಕಿಂತ ಮೇಲೆ ಎತ್ತಬಾರದು ಎಂದು. ಏಣಿಯಕ್ಕನ ಸೈಕಲ್ಲಿನಲ್ಲಿ ಆ ಗೆರೆ ಯಾವತ್ತೂ ಬಿಸಿಲಿನಲ್ಲೇ ಇತ್ತು. ಫ್ರೇಮಿನೊಳಗೆ ಕಂಬದ ತುದಿ ಮಾತ್ರ ಕೂತು, ಪ್ರತಿ ಕುಲುಕಿಗೂ ಸನ್ನೆಗೋಲಿನಂತೆ ಮೀಟುತ್ತಿತ್ತು. ಸೀಳದೆ ಏನು ಮಾಡೀತು?

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎನ್ನುತ್ತಾರೆ ಅವರು. “ನಂಗೆ ಹುಟ್ಟಿದಾಗಿನಿಂದ ಹಾಸಿಗೇನೇ ಸಾಲ್ತಿಲ್ಲ. ಏನ್ಮಾಡ್ಲಿ, ಕಾಲು ಮಡಚಿ ಮಡಚಿ ಬೆನ್ನು ಹೋಯ್ತು.”

ಬೆನ್ನು ನಿಜವಾಗಿ ಹೋಗುತ್ತಿತ್ತು. ಕಳೆದ ವರ್ಷ ಕೆಲವು ದಿನ ಅವರು ಬುಡ ಮುಟ್ಟುವ ಹೊತ್ತಿಗೆ ಮೊದಲ ಡಬ್ಬಿಯ ಮುಂದೆ ಸಾಲು ಬೆಳೆದು ನಿಂತಿತ್ತು. ಕೇಬಲ್ ಕಾರಿನ ಮ್ಯಾನೇಜರಮ್ಮ ಕೆಟ್ಟವರಲ್ಲ. ಆದರೆ ಸಾಲಿನಲ್ಲಿ ನಿಂತವರ ಬಾಯಿಗೆ ಉತ್ತರ ಕೊಡಬೇಕಾದವರು ಅವರು. ಸೀಳಿದ ಫ್ರೇಮು ನೋಡಿ ಅವರು ಎರಡು ಮಾತು ಹೇಳಿದರು. ಹೊಸ ಸೈಕಲ್ಲು ಕೊಡಿಸುತ್ತೇವೆ, ಒಂದೇ ಸಲ, ನೀವೇ ಆರಿಸಿ. ಶನಿವಾರ ಮೊದಲ ಡಬ್ಬಿಗೆ ಮುಂಚೆ ದಾರಿ ಮುಗಿಸಿ ತೋರಿಸಿ. ಆಗದಿದ್ದರೆ ಬೆಳಗಿನ ಕೆಲಸಕ್ಕೆ ಬೇರೆಯವರನ್ನು ಇಡುತ್ತೇವೆ, ನೀವು ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂತುಕೊಳ್ಳಿ, ಸಂಬಳ ಅಷ್ಟೇ ಇರುತ್ತದೆ, ಬೆನ್ನಿಗೂ ಸುಖ.

“ಆ ಕಿಟಕಿ ನೋಡಿದ್ದೀರಾ?” ಏಣಿಯಕ್ಕ ಕೇಳುತ್ತಾರೆ. “ನಾನು ಕೂತ್ರೆ ಟಿಕೆಟ್ ತಗೊಳೋರಿಗೆ ನನ್ನ ಮುಖ ಕಾಣಲ್ಲ, ಕೊರಳು ಕಾಣುತ್ತೆ. ಕೊರಳಿಗೆ ‘ಎರಡು ಟಿಕೆಟ್ ಕೊಡಿ’ ಅಂತಾರಾ?” ನಗುತ್ತಾರೆ. ಆದರೆ ನಗು ಬೇಗ ಮುಗಿಯುತ್ತದೆ. ಬೆಟ್ಟ ಬಿಟ್ಟು ಕಿಟಕಿಯ ಹಿಂದೆ ಕೂರುವುದೆಂದರೆ ಅವರಿಗೆ ಅದು ಸುಖವಲ್ಲ, ಬೀರುವಿನೊಳಗೆ ಮಡಚಿಟ್ಟ ಹಾಗೆ.

*

ಪೆಟ್ರೋಲ್ ಬಂಕಿನ ಹಿಂದೆ ಒಂದು ಉದ್ದನೆಯ ಶೆಡ್ಡು. ಗೋಡೆಯ ತುಂಬ ಚಕ್ರಗಳು, ನೆಲದ ತುಂಬ ಎಣ್ಣೆಯ ಕಲೆ, ಮೂಲೆಯಲ್ಲಿ ಸದಾ ಒಬ್ಬನೇ ಮಾತಾಡುವ ರೇಡಿಯೋ. ಇದರ ಒಡೆಯ, ಮೆಕ್ಯಾನಿಕ್, ಕಸ ಗುಡಿಸುವವರು ಎಲ್ಲ ಒಬ್ಬರೇ: ನಟ್ಟಣ್ಣ. ಏಣಿಯಕ್ಕನ ಭುಜಕ್ಕೂ ಬಾರದ ಎತ್ತರ, ಊರಗಲ ಬಾಯಿ. ಇಬ್ಬರೂ ಒಟ್ಟಿಗೆ ನಿಂತರೆ ಬೀದಿಯವರು ಕೆಲಸ ಬಿಟ್ಟು ನೋಡುತ್ತಾರೆ.

ಮಂಗಳವಾರ ನಟ್ಟಣ್ಣ ಅಂಗಡಿಯ ನಡುವೆ ಎರಡು ಸೈಕಲ್ಲು ನಿಲ್ಲಿಸಿಟ್ಟಿದ್ದಾರೆ. ವ್ಯಾಪಾರಿ ನಾಲ್ಕು ದಿನ ನೋಡಲು ಕಳಿಸಿದ್ದಾನೆ. ಶುಕ್ರವಾರ ಸಂಜೆ ಒಂದು ಉಳಿಯಬೇಕು, ಒಂದು ವಾಪಸು ಹೋಗಬೇಕು. ಎರಡೂ ಬೆಟ್ಟ ಇಳಿಯಲೆಂದೇ ಮಾಡಿದವು, ಎರಡೂ ಇರುವುದರಲ್ಲೇ ದೊಡ್ಡ ಅಳತೆ. ಒಂದು ಮಿರಿಮಿರಿ ಕಪ್ಪು. ಅದರ ಚಕ್ರ ಕಲ್ಲಿಗೆ ತಾಗಿದಾಗ ಶಾಕು ಒಂದು ಗೇಣಿಗೆ ಬೆರಳು ಕಡಿಮೆಯಷ್ಟು ಕುಸಿದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಇನ್ನೊಂದು ಕೆಸರಿನ ಬಣ್ಣದ್ದು. ಅದರ ಕುಸಿತ ಗೇಣಿಗೆ ಎರಡು ಬೆರಳು ಕಡಿಮೆ.

“ಯಾರ ಗೇಣು?” ಎಂದು ಏಣಿಯಕ್ಕ ಕೈ ಬಿಚ್ಚಿ ತೋರಿಸುತ್ತಾರೆ.

“ಮನುಷ್ಯರ ಗೇಣು ತಂಗಿ! ನಿನ್ನ ಗೇಣಿಗೆ ಶಾಕು ಮಾಡಿದ್ರೆ ಅದು ಸೈಕಲ್ಲಲ್ಲ, ಲಿಫ್ಟು.”

ಏಣಿಯಕ್ಕ ಹಳೇ ಅಭ್ಯಾಸದಂತೆ ಮೊದಲು ಸೀಟಿಗೆ ಕೈ ಹಾಕಿ ಮೇಲೆತ್ತಲು ಹೋಗುತ್ತಾರೆ. ನಟ್ಟಣ್ಣ ಕೈಗೆ ಚಟ್ಟನೆ ಹೊಡೆಯುತ್ತಾರೆ.

“ಬಿಡು ಆ ಸೀಟನ್ನ. ಇಳಿಯೋವಾಗ ಕೂತ್ಕೊಂಡು ಇಳೀತೀಯಾ?”

“ಇಲ್ಲ, ನಿಂತೇ.”

“ಮತ್ತೆ? ಹದಿನಾಲ್ಕು ವರ್ಷ ಕೂರೋ ಜಾಗ ದೊಡ್ಡದು ಮಾಡಿದ್ದೀಯ, ನಿಲ್ಲೋ ಜಾಗ ನೋಡಲೇ ಇಲ್ಲ. ಸೀಟು ಎತ್ತಿದ್ರೆ ಕಾಲಿಗೆ ಜಾಗ ಸಿಗುತ್ತೆ. ಬೆನ್ನಿಗೆ ಜಾಗ ಯಾರು ಕೊಡ್ತಾರೆ, ನಿಮ್ಮಪ್ಪನಾ? ಹತ್ತು, ಪೆಡಲ್ ಮೇಲೆ ನಿಂತ್ಕೋ.”

ಅವರು ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿಯುತ್ತಾರೆ. ಏಣಿಯಕ್ಕ ಕರಿ ಸೈಕಲ್ಲಿನ ಪೆಡಲುಗಳ ಮೇಲೆ ನಿಂತು ಹ್ಯಾಂಡಲ್ ಹಿಡಿಯುತ್ತಾರೆ. ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಅಚ್ಚರಿ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿಲ್ಲ. ಬೆನ್ನು ಬಿಲ್ಲಾಗಿಲ್ಲ. ಎದೆಯ ಮುಂದೆ ಒಂದು ಕೋಣೆಯಷ್ಟು ಜಾಗ.

“ಅಣ್ಣಾ,” ಎಂದು ಮೆಲ್ಲಗೆ ಹೇಳುತ್ತಾರೆ, “ನನ್ನ ಕೈ ಎಲ್ಲಿ ಇಡ್ಬೇಕೋ ಅಲ್ಲೇ ಇದೆ ಇದು!”

ಕೆಸರು ಬಣ್ಣದ್ದರಲ್ಲೂ ಜಾಗ ಅಷ್ಟೇ ಇದೆ; ಹ್ಯಾಂಡಲ್ಲು ಕೊಂಚ ಮೇಲಿದೆ, ಹಿಂದಿನ ಚಕ್ರ ಕೊಂಚ ದೂರವಿದೆ. ಆದರೆ ಕಣ್ಣು ಆಗಲೇ ಕಪ್ಪಿನ ಮೇಲೆ ನೆಟ್ಟಿದೆ. ಮದುವೆಗೆ ಮುಂಚೆ ಸೀರೆ ಅಂಗಡಿಗೆ ಹೋದವರು ಮೊದಲು ಬಿಚ್ಚಿದ ಸೀರೆಯನ್ನು ಮರೆಯುವುದಿಲ್ಲವಲ್ಲ, ಹಾಗೆ.

ಬುಧವಾರ ಬೆಳಿಗ್ಗೆ ಬೆಟ್ಟದ ಮೇಲೆ ಪರೀಕ್ಷೆ. ಬಿಸಿಲು ಹೊಸದಾಗಿ ಬಿದ್ದಿದೆ. ನಟ್ಟಣ್ಣ ಪಂಪು ಹಿಡಿದು ಶಾಕಿಗೆ ಗಾಳಿ ಹೊಂದಿಸಿ, ನೋಡಲೆಂದು ದಾರಿಯಲ್ಲಿ ಮುಂದೆ ಇಳಿದು ಹೋಗಿದ್ದಾರೆ, ಏಣಿಯಕ್ಕ ತೊಳೆದ ಬಟ್ಟೆ, ಒರೆಸಿದ ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದಾರೆ. ಗಂಡ ಮೇಲಿನ ನಿಲ್ದಾಣಕ್ಕೇ ಬಂದು ಫೋಟೋ ತೆಗೆಯುತ್ತಾರೆ. “ನಮ್ಮ ಮದುವೆ ಫೋಟೋದಲ್ಲಿ ನಾನು ಮೆಟ್ಟಿಲ ಮೇಲಿದ್ದೆ, ಇವಳು ನೆಲದ ಮೇಲಿದ್ಲು. ಆದ್ರೂ ಸಮ ಆಗ್ಲಿಲ್ಲ,” ಎಂದು ಅವರು ಹೇಳಿ ಮುಗಿಸುವ ಮೊದಲೇ ಸೈಕಲ್ಲು ಇಲ್ಲ!

ಅದು ಇಳಿಯುವುದಲ್ಲ, ಹಾರುವುದು. ಬೇರುಗಳು ಹೆಣೆದುಕೊಂಡಿರುವ ಒಂದು ಜಾಗಕ್ಕೆ ಬೆಟ್ಟದವರು ‘ಹಲ್ಲುಜ್ಜೋ ಜಾಗ’ ಎನ್ನುತ್ತಾರೆ. ಅಲ್ಲಿ ಬಾಯಿ ತೆರೆದರೆ ಹಲ್ಲುಗಳು ಒಂದಕ್ಕೊಂದು ಕಟಕಟ ಬಡಿಯುತ್ತವೆ. ಕರಿ ಸೈಕಲ್ಲು ಅದರ ಮೇಲೆ ಕಂಬಳಿ ಹಾಸಿದ ಹಾಗೆ ಜಾರುತ್ತದೆ. ಆಳೆತ್ತರದ ಬಂಡೆಯಿಂದ ಧುಮುಕಿದರೆ ನೆಲ ತಾನಾಗಿ ಮೇಲೆ ಬಂದು ಕಾಲು ಹಿಡಿದುಕೊಳ್ಳುತ್ತದೆ. ಏಣಿಯಕ್ಕ ಕೂಗುತ್ತಾರೆ. ಆ ಕೂಗು ಮೂರು ತಿರುವು ಕೆಳಗೆ ನಿಂತಿದ್ದ ನಟ್ಟಣ್ಣನಿಗೆ ಸೈಕಲ್ಲಿಗಿಂತ ಮುಂಚೆ ತಲುಪುತ್ತದೆ.

ಬುಡಕ್ಕೆ ಬಂದವರ ಕಣ್ಣಲ್ಲಿ ನೀರು. “ಗಾಳಿಗೆ ಬಂದಿದ್ದು,” ಎನ್ನುತ್ತಾರೆ. ನೇರ ಮ್ಯಾನೇಜರಮ್ಮನ ಕೋಣೆಗೆ ಹೋಗಿ, ಬಾಗಿಲಲ್ಲಿ ಬಗ್ಗುವುದನ್ನೂ ಮರೆತು, ಹೆಲ್ಮೆಟ್ಟು ಚೌಕಟ್ಟಿಗೆ ಟಣ್ ಎನ್ನಿಸಿ, “ಕರಿಯದೇ ಮೇಡಂ! ಕರಿಯದೇ!” ಎಂದು ಹೇಳಿ ಬರುತ್ತಾರೆ.

*

ಏಣಿಯಕ್ಕನ ತಾಯಿ ದರ್ಜಿ. ಕಣ್ಣು ಸ್ವಲ್ಪ ಮಂದವಾಗಿದೆ, ಕೈ ಮಾತ್ರ ಚುರುಕಾಗೇ ಇದೆ. ಅವರ ಕೋಣೆಯಲ್ಲಿ ಮಿಶಿನ್ನು, ಇಸ್ತ್ರಿ ಮೇಜು, ಕೊರಳಿಗೆ ಹಾವಿನಂತೆ ಬಿದ್ದಿರುವ ಅಳತೆ ಟೇಪು. ಮಗಳು ಬೆಳೆಯುವ ವಯಸ್ಸಿನಲ್ಲಿ ಪ್ರತಿ ಮೂರು ತಿಂಗಳಿಗೊಮ್ಮೆ ಲಂಗದ ಅಂಚು ಬಿಚ್ಚಿ ಇಳಿಸಿದ್ದು ಇದೇ ಕೈ. ಕೊನೆಗೆ ಅಂಚೇ ಉಳಿಯದೆ ಬೇರೆ ಬಟ್ಟೆ ಸೇರಿಸಿದ್ದೂ ಇದೇ ಕೈ. ಬೆಟ್ಟ ತೆರೆಯುವ ಮುಂಚೆ ಪ್ರತಿ ವರ್ಷ ಕೆಲಸದ ಚೀಲದ ಪಟ್ಟಿಗೆ ಎರಡು ಹೊಲಿಗೆ ಜಾಸ್ತಿ ಹಾಕುವುದೂ ಅವರೇ. ಗುರುವಾರ ಮಧ್ಯಾಹ್ನ ಏಣಿಯಕ್ಕ ಚೀಲ ಹೊತ್ತು ಬರುತ್ತಾರೆ, ಬಾಯಿ ತುಂಬ ಕರಿ ಸೈಕಲ್ಲಿನ ಸುದ್ದಿ ಹೊತ್ತು.

ತಾಯಿ ಪೂರ್ತಿ ಕೇಳುತ್ತಾರೆ. ಆಮೇಲೆ ಚೀಲವನ್ನು ಮೇಜಿಗೆ ಎತ್ತಲು ಹೋಗಿ, ಆಗದೆ, ನೆಲದಲ್ಲೇ ಬಿಡುತ್ತಾರೆ. ಮೂರು ವರ್ಷದ ಮಗುವಿನಷ್ಟು ಭಾರ.

“ಇದನ್ನ ಹಾಕ್ಕೊಂಡು ಓಡಿಸಿದ್ಯಾ?”

“ಇಲ್ಲಮ್ಮ. ಅದು ಬರೀ ನೋಡೋಕೆ ಅಂತ ಹೋಗಿದ್ದು.”

“ನೋಡೋಕೆ ಹೋದ್ರೆ ಕೆಲಸದ ಮೈ ಮನೇಲಿ ಬಿಟ್ಟು ಹೋಗ್ತಾರೇನೇ? ಏ ಹುಡುಗಿ, ನನ್ನ ಹತ್ರ ಅಳತೆ ಕೊಡೋಕೆ ಬರೋರೆಲ್ಲ ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಸೇರಿಸ್ತಾರೆ. ನಾನು ಅಳೆಯಲ್ಲ. ಅದೂ ಇದೂ ಮಾತಾಡಿಸ್ತೀನಿ. ನಕ್ಕು, ಉಸಿರು ಬಿಟ್ಟು, ಹೊಟ್ಟೆ ಹೊರಗೆ ಬಂದ ಮೇಲೆ ಟೇಪು ಹಾಕ್ತೀನಿ. ನೀನು ಹೊಟ್ಟೆ ಎಳ್ಕೊಂಡು ಅಳತೆ ಕೊಟ್ಟಿದ್ದೀಯ.”

ಏಣಿಯಕ್ಕ ಚೀಲದ ಪಟ್ಟಿ ಎಳೆದು ನೋಡುತ್ತಾರೆ. ಕರಿ ಸೈಕಲ್ಲು ಕಣ್ಣ ಮುಂದಿನಿಂದ ಒಂದಿಷ್ಟು ಹಿಂದೆ ಸರಿಯುತ್ತದೆ.

*

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಮೇಲಿನ ನಿಲ್ದಾಣ. ಸೈಕಲ್ಲು ಅದೇ ಕರಿಯದು, ಆದರೆ ಈ ಸಲ ತೊಳೆದ ಬಟ್ಟೆಯಿಲ್ಲ, ಫೋಟೋ ಇಲ್ಲ. ಬೆನ್ನಿಗೆ ಚೀಲ. ಸಂಜೆ ಒಂದು ಸೈಕಲ್ಲು ವಾಪಸು ಹೋಗಬೇಕು.

ಮೇಲಿನ ಅರ್ಧ ದಾರಿ ಇವತ್ತೂ ಕಂಬಳಿ ಹಾಸಿದ ಹಾಗೇ ಇದೆ. ಏಣಿಯಕ್ಕನಿಗೆ ಧೈರ್ಯ ಬರುತ್ತದೆ. ಅಮ್ಮನಿಗೆ ಏನು ಗೊತ್ತು, ಸೈಕಲ್ಲೇನು ರವಿಕೆಯೇ? ಅಷ್ಟರಲ್ಲಿ ದಾರಿಯ ನಡುವೆ ಇರುವ ಒಂದೇ ಒಂದು ಏರು ಎದುರಾಗುತ್ತದೆ. ಬೆಟ್ಟದವರು ಇದನ್ನು ‘ಅತ್ತೆ ಏರು’ ಎನ್ನುತ್ತಾರೆ; ಹತ್ತಿದಷ್ಟೂ ಮುಗಿಯುವುದಿಲ್ಲ, ಮುಗಿದ ಮೇಲೂ ಸಮಾಧಾನವಿಲ್ಲ. ಇಲ್ಲಿ ಸೀಟು ಎತ್ತಿ, ಕೂತು ತುಳಿಯಬೇಕು. ಉದ್ದ ಕಾಲಿಗೆ ಸೀಟು ಮೇಲೆ ಹೋದಷ್ಟೂ, ವಾಲಿಕೊಂಡ ಕಂಬದಿಂದಾಗಿ ಅದು ಹಿಂದಕ್ಕೂ ಹೋಗುತ್ತದೆ. ಆಳೂ ಚೀಲವೂ ಹಿಂದಿನ ಚಕ್ರದ ನೆತ್ತಿಯ ಮೇಲೆ. ಶಾಕು ‘ಉಸ್’ ಎಂದು ಪೂರ್ತಿ ಕೂತುಬಿಡುತ್ತದೆ. ಮುಂದಿನ ಚಕ್ರ ಮೆಲ್ಲಗೆ, ಬಹಳ ಮರ್ಯಾದೆಯಿಂದ, ನೆಲ ಬಿಟ್ಟು ಮೇಲೇಳುತ್ತದೆ. ಮರುಕ್ಷಣ ಏಣಿಯಕ್ಕ ಚೀಲದ ಮೇಲೆ ಅಂಗಾತ, ಮಗುಚಿದ ಆಮೆಯಂತೆ, ಕೈಕಾಲು ಆಕಾಶಕ್ಕೆ.

ಏರಿನ ತುದಿಯಲ್ಲಿ ಪಂಪು ಹಿಡಿದು ಕಾಯುತ್ತಿದ್ದ ನಟ್ಟಣ್ಣ ಓಡಿಬಂದು ನೋಡುತ್ತಾರೆ. ಏಣಿಯಕ್ಕ ಮಲಗಿದಲ್ಲೇ ನಗುತ್ತಿದ್ದಾರೆ.

“ಪೆಟ್ಟಾಯ್ತಾ ತಂಗಿ?”

“ಹಾರೆ ಬೆನ್ನಿಗೆ ಕಚಗುಳಿ ಇಟ್ಟಿತು ಅಣ್ಣಾ. ಎತ್ತು ಮೊದಲು, ಒಬ್ಬಳೇ ಏಳೋಕಾಗಲ್ಲ.”

ನಟ್ಟಣ್ಣ ಶಾಕಿನ ಕೊಳವೆಯ ಮೇಲಿನ ರಬ್ಬರ್ ಉಂಗುರ ನೋಡುತ್ತಾರೆ. ಸವಾರ ಹತ್ತಿದಾಗ ಶಾಕು ಎಷ್ಟು ಕುಸಿಯಿತು ಎಂದು ಈ ಉಂಗುರ ಸರಿದು ತೋರಿಸುತ್ತದೆ. ಸುಮ್ಮನೆ ಕೂತಾಗ ಮೂರರಲ್ಲಿ ಒಂದು ಪಾಲು ಕುಸಿದರೆ ಸರಿ. ಚೀಲ ಹಾಕಿ ಕೂರಿಸಿ ನೋಡಿದರೆ ಉಂಗುರ ಅರ್ಧ ದಾಟಿದೆ. ಅವರು ತಮ್ಮ ಹಣೆಗೆ ತಾವೇ ಹೊಡೆದುಕೊಳ್ಳುತ್ತಾರೆ. “ಚೀಲ! ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ಚೀಲ ಮರ್ತೆ ನೋಡು!” ಪಂಪು ಹಚ್ಚಿ ಗಾಳಿ ತುಂಬುತ್ತಾರೆ, ಇನ್ನಷ್ಟು ತುಂಬುತ್ತಾರೆ. ಶಾಕಿನ ಮೇಲೆ ಬರೆದಿರುವ ಗಾಳಿಯ ಮಿತಿ ಮುಟ್ಟಿದರೂ ಉಂಗುರ ಒಪ್ಪುವುದಿಲ್ಲ.

ಇಷ್ಟೇ ಆಗಿದ್ದರೆ ಏಣಿಯಕ್ಕ ಇನ್ನೂ ವಾದ ಮಾಡುತ್ತಿದ್ದರೇನೋ. ಶಾಕು ಬದಲಾಯಿಸೋಣ, ಅತ್ತೆ ಏರನ್ನು ತಳ್ಳಿಕೊಂಡು ಹತ್ತೋಣ ಎನ್ನುತ್ತಿದ್ದರೇನೋ. ಆದರೆ ನೀರಿನ ಬಾಟಲಿ ಮೇಲೆ ದಾರಿಯಲ್ಲೆಲ್ಲೋ ಚೀಲದಿಂದ ಜಾರಿ ಬಿದ್ದಿದೆ. ಅದನ್ನು ಹುಡುಕುತ್ತ ಅವರು ಈಗಷ್ಟೇ ಇಳಿದು ಬಂದ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ವಾಪಸು ಹೋಗುತ್ತಾರೆ. ಒಂದು ತಿರುವು ದಾಟುತ್ತಲೇ ನಿಂತುಬಿಡುತ್ತಾರೆ.

ದಾರಿಯ ನಟ್ಟನಡುವೆ ಮುಷ್ಟಿ ಗಾತ್ರದ ನಾಲ್ಕೈದು ಸಡಿಲ ಕಲ್ಲು. ಅವುಗಳ ಮೇಲೆ ಕರಿ ಸೈಕಲ್ಲಿನ ಟೈರಿನ ಗುರುತು ಹಸಿಯಾಗಿದೆ. ಅವರೇ ಹಾದು ಹೋಗಿದ್ದಾರೆ, ಗೊತ್ತೇ ಆಗಿಲ್ಲ.

ಅಂಗಾತ ಬಿದ್ದಾಗಲೂ ನಕ್ಕವರ ಮುಖ ಈಗ ಹುಳ್ಳಗಾಗುತ್ತದೆ. ಕಲ್ಲೊಂದನ್ನು ಕೈಯಲ್ಲಿ ಹಿಡಿದು ಬಂದು ನಟ್ಟಣ್ಣನ ಮುಂದೆ ಚಾಚುತ್ತಾರೆ.

“ಇದು ನಂಗೆ ತಾಗಲೇ ಇಲ್ಲ ಅಣ್ಣಾ.”

“ಅದು ಸೈಕಲ್ಲಿನ ಗುಣ ಕಣಮ್ಮ. ಅದಕ್ಕೇ ಜನ ಅದನ್ನ ಇಷ್ಟ ಪಡೋದು.”

“ಜನಕ್ಕೆ ಸರಿ. ನಾನು ಕಲ್ಲು ಹುಡುಕೋಳು. ಕಲ್ಲು ನುಂಗೋ ಸೈಕಲ್ಲು ತಗೊಂಡು ಏನ್ಮಾಡ್ಲಿ? ನಾಳೆ ಇಲ್ಲಿ ಯಾರೋ ಮಗು ಸಣ್ಣ ಸೈಕಲ್ಲಲ್ಲಿ ಬರುತ್ತೆ. ಅದಕ್ಕೆ ಇದು ಕಲ್ಲಲ್ಲ, ಬೆಟ್ಟ.”

ನಟ್ಟಣ್ಣ ಕಲ್ಲನ್ನು ತೆಗೆದುಕೊಂಡು ಪೊದೆಗೆ ಎಸೆಯುತ್ತಾರೆ. ಆಮೇಲೆ ಏಣಿಯಕ್ಕ ಕರಿ ಸೈಕಲ್ಲಿನ ಹ್ಯಾಂಡಲ್ಲಿಗೆ ಅಂಟಿದ ಮಣ್ಣನ್ನು ಅಂಗಿಯ ತೋಳಿನಿಂದ ಒರೆಸುತ್ತಾರೆ. “ಚೆಂದದ ವರ. ನಮ್ಮ ಮನೆಗೆ ಹೊಂದಲ್ಲ ಅಷ್ಟೇ,” ಎನ್ನುತ್ತಾರೆ.

ಮಧ್ಯಾಹ್ನ ಶೆಡ್ಡಿನಲ್ಲಿ ಕೆಸರು ಬಣ್ಣದ ಸೈಕಲ್ಲಿಗೆ ಮರ್ಯಾದೆ ಶುರುವಾಗುತ್ತದೆ. ಅದರ ಹಿಂದಿನ ಶಾಕು ಗಾಳಿಯದಲ್ಲ, ಸುರುಳಿ ಸ್ಪ್ರಿಂಗಿನದು. ಆಳಿನ ಭಾರಕ್ಕೆ ತಕ್ಕ ಸ್ಪ್ರಿಂಗು ಹಾಕಬಹುದು. ನಟ್ಟಣ್ಣ ಪೆಟ್ಟಿಗೆ ತಡಕಿ ಇರುವುದರಲ್ಲೇ ಗಟ್ಟಿಯಾದದ್ದನ್ನು ತೆಗೆಯುತ್ತಾರೆ. ಇದರ ಸೀಟಿನ ಕಂಬ ಹೆಚ್ಚು ವಾಲಿಲ್ಲ, ನೆಟ್ಟಗಿದೆ. ಎಷ್ಟು ಎತ್ತಿದರೂ ಸವಾರರು ಎರಡು ಚಕ್ರಗಳ ನಡುವೆಯೇ ಇರುತ್ತಾರೆ. ಕಂಬದ ಗೆರೆ ಫ್ರೇಮಿನೊಳಗೆ ಪೂರ್ತಿ ಮುಳುಗಿದೆ. ಏಣಿಯಕ್ಕ ಚೀಲ ಹಾಕಿಕೊಂಡು, ಬೂಟು ಹಾಕಿಕೊಂಡು, ಅಂಗಡಿಯ ನಡುವೆ ಕೂರುತ್ತಾರೆ. ನಟ್ಟಣ್ಣ ಬಗ್ಗಿ ಉಂಗುರ ನೋಡುತ್ತಾರೆ.

“ಉಸಿರು ಬಿಡು.”

“ಬಿಟ್ಟಿದ್ದೀನಿ.”

“ನಗು ಒಂದ್ಸಲ.”

“ಅಮ್ಮ ಫೋನ್ ಮಾಡಿದ್ರಾ ನಿಂಗೆ?”

“ಈಗ್ತಾನೆ! ‘ನಿಂಗೆ ಟೇಪು ಹಿಡಿಯೋಕೆ ಯಾರು ಕಲಿಸಿದ್ದು’ ಅಂತ ಬೈದು ಇಟ್ರು.”

ಉಂಗುರ ಮೂರರಲ್ಲಿ ಒಂದರ ಹತ್ತಿರ ನಿಂತಿದೆ. ಸಂಜೆ ಕರಿ ಸೈಕಲ್ಲು ವ್ಯಾನು ಹತ್ತುತ್ತದೆ. ವ್ಯಾನಿನ ಬಾಗಿಲು ಮುಚ್ಚುವಾಗ ಏಣಿಯಕ್ಕ ಆ ಕಡೆ ನೋಡುವುದಿಲ್ಲ. ಹೊಸ ಸೈಕಲ್ಲಿನಲ್ಲಿ ಬೆಟ್ಟ ಇಳಿದು ನೋಡಲು ಸಮಯವೂ ಉಳಿದಿಲ್ಲ. ಮೊದಲ ಸವಾರಿಯೇ ಪರೀಕ್ಷೆ.

*

ಶನಿವಾರ. ರಾತ್ರಿಯೆಲ್ಲ ಮಳೆ ಹೊಡೆದಿದೆ. ಸೂರ್ಯ ಹುಟ್ಟುವ ಮುಂಚೆಯೇ ಕೆಳಗಿನ ನಿಲ್ದಾಣದ ಮುಂದೆ ಸವಾರರು ಸೇರುತ್ತಿದ್ದಾರೆ. ಬಣ್ಣಬಣ್ಣದ ಹೆಲ್ಮೆಟ್ಟು, ಜೋರು ನಗು, ಕಾಗದದ ಲೋಟದಲ್ಲಿ ಚಹಾ. ಮ್ಯಾನೇಜರಮ್ಮ ಛತ್ರಿ ಹಿಡಿದು ದಾರಿಯ ಬಾಯಿಯ ಕಡೆ ನೋಡುತ್ತ ನಿಂತಿದ್ದಾರೆ. ಗಂಡ ಯಂತ್ರದ ಕೋಣೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಾರೆ. ನಟ್ಟಣ್ಣ ಅಂಗಡಿಗೆ ಬೀಗ ಹಾಕಿ ಬಂದಿದ್ದಾರೆ.

ಮೇಲೆ, ಏಣಿಯಕ್ಕ ಹೊರಟಾಗಿದೆ. ಕೆಸರು ಬಣ್ಣದ ಸೈಕಲ್ಲು ಹಾರುವುದಿಲ್ಲ. ಅದು ಮಾತಾಡುತ್ತದೆ. ಬೇರು ಬಂದರೆ ಬೇರು ಎನ್ನುತ್ತದೆ, ಕಲ್ಲು ಬಂದರೆ ಅಂಗಾಲಿಗೆ ಕುಟುಕಿ ಕಲ್ಲು ಎನ್ನುತ್ತದೆ. ಹೇಳುತ್ತದೆ, ಆದರೆ ಕೆಡವುವುದಿಲ್ಲ. ಏಣಿಯಕ್ಕ ನೆಟ್ಟಗೆ ನಿಂತು ಇಳಿಯುತ್ತಿದ್ದಾರೆ. ಮೊಣಕೈ ಬಿಚ್ಚಿದೆ, ಬೆನ್ನು ತನ್ನ ಪಾಡಿಗೆ ತಾನಿದೆ. ಹದಿನಾಲ್ಕು ವರ್ಷ ಮಡಚಿಟ್ಟಿದ್ದ ಉದ್ದವೆಲ್ಲ ಈಗ ಕೆಲಸಕ್ಕೆ ಬರುತ್ತಿದೆ. ತಲೆ ಮೇಲಿರುವುದರಿಂದ ತಿರುವಿನಾಚೆ ಇಣುಕಿ ನೋಡಬಹುದು, ಉದ್ದ ಕೈಕಾಲು ಸೈಕಲ್ಲಿನ ಶಾಕು ಮುಗಿದ ಮೇಲೂ ಇನ್ನೊಂದು ಶಾಕಿನಂತೆ ಮಡಚಿ ಬಿಚ್ಚುತ್ತವೆ. ಇಳಿಯುತ್ತಾರೆ, ಕಲ್ಲು ಒದೆಯುತ್ತಾರೆ, ಹತ್ತುತ್ತಾರೆ. ಕೊಂಬೆ ಕತ್ತರಿಸುತ್ತಾರೆ, ಹತ್ತುತ್ತಾರೆ. ದೊಡ್ಡ ಬಂಡೆಯ ಕೆಳಗೆ, ಸವಾರರು ಧುಮುಕಿ ಇಳಿಯುವ ಸರಿಯಾದ ಜಾಗದಲ್ಲಿ, ರಾತ್ರಿ ಉರುಳಿದ ಒಂದು ಗುಂಡು ಕೂತಿದೆ, ಕುರಿಯಷ್ಟು ದೊಡ್ಡದು. ಮೇಲಿನಿಂದ ಧುಮುಕುವವರಿಗೆ ಅದು ಕಾಣುವ ಮಾತೇ ಇಲ್ಲ. ಹಾರೆ ಹಾಕಿ ಮೀಟುತ್ತಾರೆ. ಅಲುಗಾಡುವುದಿಲ್ಲ. ಅಡಿಯ ಮಣ್ಣು ಬಗೆದು ಮತ್ತೆ ಮೀಟುತ್ತಾರೆ. ಗುಂಡು ಮೈ ಮುರಿದು, ಹೊರಳಿ, ಪೊದೆ ಸೀಳಿಕೊಂಡು ಕಣಿವೆಗೆ ಇಳಿದುಹೋಗುತ್ತದೆ.

ಇಲ್ಲಿ ಹೊತ್ತು ಹೋಗಿದೆ. ಮುಂದೆ ಅತ್ತೆ ಏರು, ಮಳೆಗೆ ಜಾರುವ ಕೆಸರು.

ಸೀಟು ಎತ್ತಿ ಕೂರುತ್ತಾರೆ. ಚೀಲ ಬೆನ್ನಿಗಿದೆ. ಮುಂದಿನ ಚಕ್ರ ನೆಲ ಕಚ್ಚಿ ಹಿಡಿದಿದೆ. ತುಳಿಯುತ್ತಾರೆ. ಹಿಂದಿನ ಚಕ್ರ ಒಂದು ಸಲ ಜಾರಿ ಮತ್ತೆ ಹಿಡಿಯುತ್ತದೆ. ತುಳಿಯುತ್ತಾರೆ. ಕಾಲು ಕೆಳಗಿಡದೆ ನೆತ್ತಿ ಮುಟ್ಟಿದಾಗ ಅಲ್ಲಿ ನೋಡುವವರು ಯಾರೂ ಇಲ್ಲ. “ಬಂದೆ ಅತ್ತೇ!” ಎಂದು ಒಬ್ಬರೇ ಜೋರಾಗಿ ಕೂಗುತ್ತಾರೆ.

ಕೆಳಗೆ ಗಂಡನ ಮುಂದಿರುವ ಚಹಾ ಇನ್ನೂ ಆರಿಲ್ಲ. ಮರಗಳ ನಡುವಿಂದ ಕೆಸರು ಬಣ್ಣದ ಸೈಕಲ್ಲಿನ ಮೇಲೆ ಅದಕ್ಕಿಂತ ಕೆಸರಾದ ಒಬ್ಬರು ಪ್ರತ್ಯಕ್ಷರಾಗುತ್ತಾರೆ. ಮ್ಯಾನೇಜರಮ್ಮ ಕೈಗಡಿಯಾರ ನೋಡಿ, ಖಾಲಿ ನಿಂತಿರುವ ಮೊದಲ ಡಬ್ಬಿ ನೋಡಿ, ಏಣಿಯಕ್ಕನ ಮುಖ ನೋಡುತ್ತಾರೆ.

“ದಾರಿ ಬಿಡಿ,” ಎನ್ನುತ್ತಾರೆ ಏಣಿಯಕ್ಕ.

“ಟಿಕೆಟ್ ಕಿಟಕಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ,” ಎನ್ನುತ್ತಾರೆ ಮ್ಯಾನೇಜರಮ್ಮ.

“ಕುಳ್ಳಗಿರೋರನ್ನ ನೋಡಿ ಮೇಡಂ. ನಟ್ಟಣ್ಣ ಇದ್ದಾರೆ.”

“ಏಯ್!” ಎಂದು ಹಿಂದಿನಿಂದ ದನಿ ಬರುತ್ತದೆ.

ಕೇಬಲ್ಲು ಎಳೆದುಕೊಳ್ಳುತ್ತದೆ. ಮೊದಲ ಡಬ್ಬಿ ಸವಾರರನ್ನು ತುಂಬಿಕೊಂಡು ಮೇಲೇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬೆಟ್ಟದ ಮೈಯಿಂದ ಹೋ ಎಂಬ ಕೂಗುಗಳು ಇಳಿದು ಬರತೊಡಗುತ್ತವೆ. ಏಣಿಯಕ್ಕ ಗೋಡೆಗೊರಗಿ ಕೂತು ಬೂಟಿನಿಂದ ಮಣ್ಣು ಕೆರೆಯುತ್ತಿದ್ದಾರೆ. ಬುಡಕ್ಕೆ ಬಂದ ಒಬ್ಬ ಹುಡುಗಿ ಗೆಳತಿಗೆ “ಎಂಥಾ ದಾರಿ ಅಲ್ವಾ, ಒಂದು ಕಲ್ಲೂ ಇಲ್ಲ!” ಎನ್ನುತ್ತ ಇವರ ಚಾಚಿದ ಕಾಲನ್ನು ದಾಟಿ ಹೋಗುತ್ತಾಳೆ.

ಏನಾದರೂ ಆಸೆ ಉಂಟೇ ಎಂದರೆ ಏಣಿಯಕ್ಕ ಬೂಟು ಕೆರೆಯುವುದನ್ನು ನಿಲ್ಲಿಸಿ ಯೋಚಿಸುತ್ತಾರೆ.

“ಒಂದಿದೆ. ಒಂದೇ ಒಂದು ದಿನ ಎರಡನೆಯವಳಾಗಿ ಇಳೀಬೇಕು. ಯಾರಾದ್ರೂ ಮುಂದೆ ಹೋಗಿ ಕಲ್ಲೆಲ್ಲ ತೆಗೆದಿರ್ಬೇಕು. ನಾನು ಚೀಲ ಇಲ್ದೆ, ನೆಲ ನೋಡ್ದೆ, ಆ ಹುಡುಗೀರ ಹಂಗೆ ಕೂಗ್ತಾ ಬರ್ಬೇಕು.”

ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡುತ್ತಾರೆ. ಆಮೇಲೆ ತಲೆ ಅಲ್ಲಾಡಿಸಿ, ಬೂಟು ಎತ್ತಿಕೊಳ್ಳುತ್ತಾರೆ.

“ಆದ್ರೆ ಆ ಮುಂದೆ ಹೋದೋರು ಕೆಳಗೆ ಬಂದು ‘ದಾರಿ ಬಿಡಿ’ ಅಂತಾರಲ್ಲ, ನಾನು ನಂಬ್ತೀನಾ? ಮೊದಲು ನಾನೊಂದ್ಸಲ ಹೋಗಿ ನೋಡ್ಕೊಂಡು ಬಂದಿರ್ತೀನಿ.”